ಮಾವಿಗೆ ಬೇಕಾದ ಮಾಗಿ ಚಳಿ ಮತ್ತು ವಿಮೆಯ ಲೆಕ್ಕ

ಮಾನ್ಯ ಸಂಪಾದಕರೇ,

ಮಾವಿನ ಇಳುವರಿ ಕುಸಿದಾಗಲೆಲ್ಲ ಏಪ್ರಿಲ್‌, ಮೇ ತಿಂಗಳ ವರದಿಗಳು ಬಿಸಿಲನ್ನೇ ದೂರುತ್ತವೆ. ಬಿಸಿಲಿಗೆ ಮಿಡಿ ಉದುರುವುದು ನಿಜ. ಆದರೆ ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆಯ ತೋಪುಗಳಲ್ಲಿ ಫಸಲಿನ ಹಣೆಬರಹ ನವೆಂಬರ್‌, ಡಿಸೆಂಬರ್‌ ರಾತ್ರಿಗಳಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಭೂಮಿ ಬಿಸಿಯಾಗುತ್ತಿರುವುದರ ಮೊದಲ ಪೆಟ್ಟು ಮಾವಿಗೆ ಬೀಳುವುದೂ ಆಗಲೇ.

ಮೊಗ್ಗು ಚಿಗುರಾಗಬೇಕೋ ಹೂವಾಗಬೇಕೋ ಎಂಬುದಕ್ಕೆ ಎರಡು ಕಟ್ಟುಪಾಡುಗಳಿವೆ. ಕೊಂಬೆಯ ತುದಿ ನಾಲ್ಕೈದು ತಿಂಗಳು ಬಲಿತಿರಬೇಕು. ರಾತ್ರಿಯ ಉಷ್ಣಾಂಶ ಕೆಲವು ವಾರ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯಬೇಕು. ಚಳಿ ಹಿಡಿದಾಗ ಬಲಿತ ಎಲೆಗಳಿಂದ ಮೊಗ್ಗಿಗೆ ಹೂವಿನ ಸಂಕೇತ ಹೋಗುತ್ತದೆ. ಎಳೆ ಎಲೆಗಳಲ್ಲಿ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ಹೆಚ್ಚು, ಅದು ಮೊಗ್ಗನ್ನು ಚಿಗುರಿನ ಕಡೆಗೇ ಎಳೆಯುತ್ತದೆ. ರಾತ್ರಿ 20 ಡಿಗ್ರಿಯಲ್ಲೇ ನಿಂತು ಮಣ್ಣಿನಲ್ಲಿ ತೇವವೂ ಇದ್ದರೆ ಮರ ಮತ್ತೆ ಕೆಂಚಿಗುರು ಹೊರಡಿಸುತ್ತದೆ. ಆ ಕೊಂಬೆಯಿಂದ ಆ ವರ್ಷ ಹೆಚ್ಚಿನ ಹೂ ನಿರೀಕ್ಷಿಸುವಂತಿಲ್ಲ. ಚಳಿ ನಾಲ್ಕು ದಿನ ಬಂದು ಹೋದರೆ ತೊಂದರೆ ಬೇರೆ ಬಗೆಯದು. ಎಲೆ, ಹೂ ಬೆರೆತ ಗೊಂಚಲು ಬರುತ್ತದೆ, ಒಂದೇ ಮರದಲ್ಲಿ ಎರಡು ಮೂರು ಕಂತಿನಲ್ಲಿ ಹೂ ಬಿಡುತ್ತದೆ. ಒಂದು ಕೊಂಬೆಯಲ್ಲಿ ಬಟಾಣಿ ಗಾತ್ರದ ಮಿಡಿ, ಪಕ್ಕದ ಕೊಂಬೆಯಲ್ಲಿ ಆಗತಾನೇ ಅರಳಿದ ಹೂ. ಮಿಡಿ ಉಳಿಸಲು ಕೀಟನಾಶಕ ಹೊಡೆದರೆ ಹೂವಿಗೆ ಬರುವ ಜೇನು, ನೊಣಗಳು ಸಾಯುತ್ತವೆ. ಹೊಡೆಯದಿದ್ದರೆ ರಸ ಹೀರುವ ಜಿಗಿಹುಳು ಬಿಡುವುದಿಲ್ಲ.

ಹಿಂಗಾರಿನ ಕೊನೆಯ ಮಳೆಯೂ ಸೇರಿಕೊಂಡಿದೆ. 2021ರ ನವೆಂಬರ್‌ನಲ್ಲಿ ಕೋಲಾರದ ಕಡೆ ಸುರಿದ ಮಳೆ, 2022ರ ಡಿಸೆಂಬರ್‌ನ ಮಾಂಡೌಸ್ ಚಂಡಮಾರುತ, 2024ರ ನವೆಂಬರ್ ಕೊನೆಯ ಫೆಂಜಲ್ ಚಂಡಮಾರುತ, ಎಲ್ಲವೂ ಮರ ಒಣ ನೆಲದಲ್ಲಿ ವಿಶ್ರಾಂತಿ ಪಡೆಯಬೇಕಾದ ಹೊತ್ತಿಗೇ ಬಂದವು.

ಹೀಗಿರುವಾಗ ‘ಇಂಥ ತಿಂಗಳಿಗೆ ಇಂಥ ಸಿಂಪಡಣೆ’ ಎಂಬ ಪಟ್ಟಿ ಹಿಡಿದು ನಡೆದರೆ ಕೆಲಸ ಕೆಡುತ್ತದೆ. ಮರವನ್ನೇ ನೋಡಬೇಕು. ತುದಿಯ ಎಲೆಯನ್ನು ಅಂಗೈಯಲ್ಲಿ ಹಿಸುಕಿದರೆ ಚರಚರ ಎಂದು ಮುರಿದರೆ ಬಲಿತಿದೆ, ಮೆತ್ತಗೆ ಮುದುರಿಕೊಂಡರೆ ಇನ್ನೂ ಎಳೆಯದು. ಪೊಟ್ಯಾಶಿಯಂ ನೈಟ್ರೇಟನ್ನು ಲೀಟರಿಗೆ 10 ಗ್ರಾಂ ಬೆರೆಸಿ ಸಿಂಪಡಿಸುವುದು ಬಲಿತ ಕೊಂಬೆಯ ಮೊಗ್ಗು ಒಡೆಯಲಿ ಎಂದು. ಎಳೆ ಕೊಂಬೆಗೆ ಹೊಡೆದರೆ ಒಡೆಯುವುದು ಚಿಗುರು. ನವೆಂಬರ್‌ನಲ್ಲಿ ಚಿಗುರು ಬಂದುಬಿಟ್ಟಿದ್ದರೆ ರಂಜಕ, ಪೊಟ್ಯಾಷ್ ಇರುವ 0:52:34 ಗೊಬ್ಬರವನ್ನು ಲೀಟರಿಗೆ 10 ಗ್ರಾಂನಂತೆ ಸಿಂಪಡಿಸಿ ಅದು ಬೇಗ ಬಲಿಯಲು ನೆರವಾಗಬಹುದು, ಅಷ್ಟೆ. ಕೊಳವೆಬಾವಿ ಇದೆಯೆಂದು ಅಕ್ಟೋಬರ್‌ನಿಂದ ಹೂ ಕಾಣುವವರೆಗೆ ಫಸಲಿನ ಮರಕ್ಕೆ ಡ್ರಿಪ್ ಬಿಡಬಾರದು, ಯೂರಿಯಾವನ್ನಂತೂ ಮುಟ್ಟಲೇಬಾರದು. ಮಿಡಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರು ಕೊಡಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಸವರುವ ಕೆಲಸ. ಕೊಯ್ಲು ಮುಗಿದ ಕೂಡಲೇ, ಆಗಸ್ಟ್ ಮೊದಲ ವಾರದೊಳಗೆ ಅದು ಮುಗಿದರೆ ಹೊಸ ಚಿಗುರು ಡಿಸೆಂಬರ್ ಹೊತ್ತಿಗೆ ಬಲಿತಿರುತ್ತದೆ. ಸೆಪ್ಟೆಂಬರ್ ದಾಟಿ ಸವರಿದ ತೋಪಿಗೆ ಎಂಥ ಚಳಿ ಬಂದರೂ ಪ್ರಯೋಜನ ಕಡಿಮೆ.

ಹೂ ಬರಿಸಲು ಬುಡಕ್ಕೆ ಹಾಕುವ ಕಲ್ಟಾರ್ ಎಂಬ ಔಷಧಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಚಳಿ ಕಡಿಮೆಯಾದಷ್ಟೂ ಅದರ ಮಾರಾಟ ಏರುತ್ತಿದೆ. ಅದರಲ್ಲಿರುವ ಪ್ಯಾಕ್ಲೊಬ್ಯುಟ್ರಜಾಲ್ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆಯುತ್ತದೆ, ಆದ್ದರಿಂದ ಕೆಲಸ ಮಾಡುತ್ತದೆ. ಮರದ ಹರವು ಎಷ್ಟು ಮೀಟರ್ ಅಗಲವಿದೆಯೋ ಪ್ರತಿ ಮೀಟರಿಗೆ ಸುಮಾರು 3 ಮಿ.ಲೀ.; ಆರು ಮೀಟರ್ ಹರವಿನ ಮರಕ್ಕೆ 18 ಮಿ.ಲೀ. ನೀರಿನಲ್ಲಿ ಬೆರೆಸಿ, ಮಣ್ಣು ತೇವವಾಗಿರುವಾಗ, ಹೂವಿಗೆ ಮೂರು ನಾಲ್ಕು ತಿಂಗಳು ಮೊದಲು ಬುಡದ ಸುತ್ತ ಹಾಕಬೇಕು. ಒಂದೆರಡು ವರ್ಷಕ್ಕೆ ಗುತ್ತಿಗೆ ಹಿಡಿದವರು ಇದರ ಎರಡರಷ್ಟು ಸುರಿದು ಫಸಲು ಎತ್ತಿಕೊಂಡು ಹೋಗುತ್ತಾರೆ. ಔಷಧಿ ಮಣ್ಣಿನಲ್ಲಿ ಮುಂದಿನ ವರ್ಷಕ್ಕೂ ಉಳಿಯುತ್ತದೆ. ಗೊಂಚಲು ಗಿಡ್ಡವಾಗಿ ಮುದ್ದೆ ಕಟ್ಟುತ್ತದೆ, ಅದರೊಳಗೆ ಬೂದಿರೋಗ, ಜಿಗಿಹುಳು ಸೇರಿಕೊಳ್ಳುತ್ತವೆ, ಮರ ಸೊರಗುತ್ತದೆ. ಗುತ್ತಿಗೆ ಕರಾರಿನಲ್ಲಿ ಇದರ ಪ್ರಮಾಣವನ್ನು ಬರೆಸಿಕೊಳ್ಳದೆ ತೋಪು ಬಿಟ್ಟುಕೊಡುವುದು ತಪ್ಪು.

ಹೂ ತಡವಾದರೆ ಮಿಡಿ ಇನ್ನೂ ಎಳೆಯದಾಗಿರುವಾಗಲೇ ಮಾರ್ಚ್ ಬಿಸಿಲು ತಾಕುತ್ತದೆ. ಬಾದಾಮಿ (ಆಲ್ಫಾನ್ಸೊ) ತಳಿಗೆ ಇನ್ನೊಂದು ಕೇಡಿದೆ: ನೆಲದ ಕಾವಿಗೆ ಒಳಗಿನ ತಿರುಳು ಮಾಸಲಾಗಿ, ಸ್ಪಂಜಿನಂತಾಗಿ ಹುಳಿ ವಾಸನೆ ಬರುವುದು. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ತೋಪಿನ ತರಗೆಲೆಗೆ ಬೆಂಕಿ ಇಡುವುದನ್ನು ನಿಲ್ಲಿಸಿ, ಕಾಂಡದಿಂದ ಒಂದಡಿ ಬಿಟ್ಟು ಹರವಿನ ಕೆಳಗೆಲ್ಲ ಅರ್ಧ ಅಡಿ ದಪ್ಪ ಹೊದಿಸಿದರೆ ನೆಲದ ಕಾವು ಇಳಿಯುತ್ತದೆ. ಮರದಲ್ಲೇ ಪೂರ್ತಿ ಮಾಗಲು ಬಿಡದೆ, ತೊಟ್ಟಿನ ಪಕ್ಕದ ಹೆಗಲು ತುಂಬಿ ಕಾಯಿ ನೀರಿನಲ್ಲಿ ಮುಳುಗುವ ಹದಕ್ಕೆ ಕೊಯ್ದು ಕೂಡಲೇ ನೆರಳಿಗೆ ಸಾಗಿಸಬೇಕು.

ಇನ್ನು ಸರ್ಕಾರ ಮಾಡಬೇಕಾದದ್ದು. ಹವಾಮಾನ ಆಧಾರಿತ ಬೆಳೆ ವಿಮೆಗೆ ಮಾವು ಬೆಳೆಗಾರ ವಿಮಾ ಮೊತ್ತದ ಶೇ 5ರಷ್ಟು ಕಂತು ಕಟ್ಟುತ್ತಾನೆ. ನವೆಂಬರ್‌ನಿಂದ ಜನವರಿವರೆಗಿನ ಬೆಚ್ಚನೆಯ ರಾತ್ರಿಗಳನ್ನು ಎಲ್ಲ ಮಾವಿನ ಜಿಲ್ಲೆಗಳಲ್ಲೂ ನಷ್ಟದ ಮಾನದಂಡವಾಗಿ ಎಣಿಸಬೇಕು. ಹೂವೇ ಬಿಡದ ಮರಕ್ಕೆ ಬೇಸಿಗೆಯ ಉಷ್ಣಾಂಶದ ಲೆಕ್ಕದಿಂದ ಪರಿಹಾರ ಸಿಗುವುದು ಹೇಗೆ? ಇದಕ್ಕೆ ಹೊಸ ಯಂತ್ರಗಳು ಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪಕಗಳು ಹೋಬಳಿ ಮಟ್ಟದಲ್ಲಿವೆ. ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ, ಅದೇ ಸಲಹೆಯಲ್ಲಿ ಹೋಬಳಿವಾರು ಕನಿಷ್ಠ ಉಷ್ಣಾಂಶವನ್ನೂ, ಹೊಗಳಗೆರೆಯ ಮಾವು ಅಭಿವೃದ್ಧಿ ಕೇಂದ್ರದಲ್ಲಿ ಬಾದಾಮಿ, ತೋತಾಪುರಿ ಮೊಗ್ಗುಗಳು ಯಾವ ಹಂತದಲ್ಲಿವೆ ಎಂಬುದನ್ನೂ ಎರಡು ಸಾಲಿನಲ್ಲಿ ಸೇರಿಸಿದರೆ, ಯಾವ ವಾರ ಸಿಂಪಡಿಸಬೇಕು, ಯಾವ ವಾರ ಸುಮ್ಮನಿರಬೇಕು ಎಂಬುದನ್ನು ಬೆಳೆಗಾರ ತಾನೇ ತೀರ್ಮಾನಿಸಿಕೊಳ್ಳುತ್ತಾನೆ. ಈ ಅಕ್ಟೋಬರ್‌ನಿಂದಲೇ ಇದು ಶುರುವಾಗಲಿ.

– ಮಾವು ಬೆಳೆಗಾರರು, ಶ್ರೀನಿವಾಸಪುರ ತಾಲ್ಲೂಕು