ಕಾರಿನಲ್ಲಿ ಆಡಿದ ಮಾತಿಗೆ

ಪ್ರೀತಿಯ ಪುಟ್ಟಿ,

ರಾತ್ರಿ ಎರಡು ಗಂಟೆಯವರೆಗೂ ನಿನ್ನ ಕೋಣೆಯ ದೀಪ ಉರಿಯುತ್ತಿತ್ತು. ಎರಡು ಸಲ ಬಾಗಿಲವರೆಗೆ ಬಂದು ಹಿಂತಿರುಗಿದೆ. ಭಾನುವಾರದ ತರಗತಿಗೆ ಕರೆದೊಯ್ದು ಕಲಿಸಿದ ಕನ್ನಡ ಇಂತಹ ಪತ್ರ ಓದುವುದಕ್ಕೆ ಬೇಕಾಯಿತಲ್ಲ ಎಂದು ಸಂಕಟವಾಗುತ್ತಿದೆ.

ನಿಮ್ಮದು ಫ್ಲ್ಯಾಗ್ ಫುಟ್‌ಬಾಲ್, ಕೆಡವುವ ಬದಲು ಸೊಂಟದ ಪಟ್ಟಿ ಕಿತ್ತು ತಡೆಯುವ ಅಮೆರಿಕನ್ ಫುಟ್‌ಬಾಲ್. ಅದರ ಮೈದಾನದಲ್ಲಿ ಎಲ್ಲರೆದುರು ನೀನು ತಂಡದವಳನ್ನೇ ಬೈದದ್ದನ್ನು ಮತ್ತೆ ಬರೆಯುವುದಿಲ್ಲ. ನಾಯಕತ್ವ ಈಗ ಚೆಂಡನ್ನು ನಿನ್ನ ಕೈಗೆ ಕೊಟ್ಟು ಆಟ ಶುರುಮಾಡುವ ನಿಮ್ಮ ಸೆಂಟರ್ ಹುಡುಗಿಯದು, ಅದೂ ಮುಗಿದ ಮಾತು. ನನ್ನ ನಿದ್ದೆ ಕೆಡಿಸಿರುವುದು ನಾನು ಕಾರಿನಲ್ಲಿ ಆಡಿದ್ದು. ‘ನೀನು ಥೇಟ್ ಜೇ ಕಟ್ಲರ್’ ಎಂದೆ. ಹಿಂದಿನ ಸೀಟಿನಲ್ಲಿ ನಿನ್ನ ಗೆಳತಿ ಕುಳಿತಿದ್ದಳು.

ಆತ ಯಾರೆಂದು ಫೋನಿನಲ್ಲಿ ಹುಡುಕಿರುತ್ತೀಯೆ. ಸಿಕ್ಕಿರುವುದು ಮುಖ ಗಂಟಿಕ್ಕಿದ ಚಿತ್ರಗಳೇ ಇರಬೇಕು. ಉಳಿದದ್ದನ್ನು ನಾನೇ ಹೇಳಬೇಕು.

ಅವನು ಕ್ವಾರ್ಟರ್‌ಬ್ಯಾಕ್, ಚೆಂಡೆಸೆದು ಆಟ ನಡೆಸುವವನು. 2009ರಲ್ಲಿ ಶಿಕಾಗೋದ ಬೇರ್ಸ್ ತಂಡ ಅವನನ್ನು ಡೆನ್ವರ್ ತಂಡದಿಂದ ತಂದಾಗ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತನಗಿದ್ದ ಮೊದಲ ಸುತ್ತಿನ ಎರಡು ಆಯ್ಕೆಗಳನ್ನೂ ಮೂರನೆಯ ಸುತ್ತಿನ ಒಂದನ್ನೂ ತನ್ನ ಕ್ವಾರ್ಟರ್‌ಬ್ಯಾಕನ್ನೂ ಕೊಟ್ಟಿತ್ತು. ಅಂಥ ತೋಳು ಶಿಕಾಗೋ ಕಂಡಿರಲಿಲ್ಲ. ಮರುವರ್ಷ 52 ಸಲ ನೆಲಕ್ಕೆ ಕೆಡವಿಸಿಕೊಂಡೂ ತಂಡವನ್ನು, ಸೂಪರ್ ಬೌಲ್ ಎಂಬ ಅಂತಿಮ ಪಂದ್ಯಕ್ಕೆ ಒಂದೇ ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಫೈನಲ್‌ವರೆಗೆ ತಂದ. 2011ರ ಜನವರಿ 23, ಬೇರ್ಸ್‌ನ ಸೋಲ್ಜರ್ ಫೀಲ್ಡ್ ಮೈದಾನ, ಎದುರಿಗೆ ಗ್ರೀನ್ ಬೇ ತಂಡ. ನಿನಗಿನ್ನೂ ಮೂರು ತುಂಬಿರಲಿಲ್ಲ, ನನ್ನ ತೊಡೆಯ ಮೇಲಿದ್ದೆ. ಮೂರನೆಯ ಕ್ವಾರ್ಟರ್‌ನಲ್ಲಿ ಕಟ್ಲರ್ ಹೊರಬಂದ. ಮೈದಾನದ ಅಂಚಿನ ವ್ಯಾಯಾಮದ ಸೈಕಲ್ ತುಳಿದು ನೋಡಿದ, ಆಮೇಲೆ ಬೆಂಚಿನ ಬಳಿ ಸುಮ್ಮನೆ ನಿಂತ. ಕುಂಟಲಿಲ್ಲ, ಮುಖ ಕಿವುಚಲಿಲ್ಲ. ಮೂರನೆಯ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಹುಡುಗ ಬಂದು ಹೋರಾಡಿದ, 21–14ಕ್ಕೆ ಸೋತೆವು. ಕ್ಯಾಮೆರಾ ಮತ್ತೆ ಮತ್ತೆ ಆ ಮುಖವನ್ನೇ ತೋರಿಸುತ್ತಿತ್ತು. ನಾನು ಟಿವಿಗೆ ‘ಹೇಡಿ’ ಎಂದು ಕೂಗಿದೆ. ನೀನು ಬೆಚ್ಚಿ ಅತ್ತೆ. ನಾನೊಬ್ಬನೇ ಅಲ್ಲ, ಬೇರೆ ತಂಡಗಳ ಆಟಗಾರರೂ ಟ್ವಿಟರ್‌ನಲ್ಲಿ ಹಂಗಿಸಿದರು, ಅಭಿಮಾನಿಗಳು ಅವನ ಜೆರ್ಸಿ ಸುಟ್ಟರು.

ಮರುದಿನ ಎಂಆರ್‌ಐಯಲ್ಲಿ ಮಂಡಿಯ ಅಸ್ಥಿರಜ್ಜು ಹರಿದಿರುವುದು ಕಂಡಿತು.

ಆ ಮುಖದ ಬಗ್ಗೆ ಹದಿನಾಲ್ಕು ವರ್ಷಗಳಿಂದ ಯೋಚಿಸುತ್ತಿದ್ದೇನೆ. ನೋವಿದ್ದರೂ ತೋರಿಸಲು ಬಾರದ ಮುಖ. ಅವನು ಮೊದಲೇ ನಾಲ್ಕು ಜನರನ್ನು ನಕ್ಕು ಮಾತನಾಡಿಸಿದ್ದಿದ್ದರೆ ಅಂದು ಆ ಮಂಡಿಯನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ನಿನ್ನ ಮುಖವೂ ಹಾಗೆಯೇ, ಪುಟ್ಟಿ. ಏಳನೆಯ ತರಗತಿಯಲ್ಲಿ ಮಣಿಕಟ್ಟು ಮುರಿದಾಗ ನೀನು ಅಳಲಿಲ್ಲವೆಂದು ಮೂರು ದಿನ ಅದನ್ನು ಬರಿಯ ಉಳುಕು ಎಂದುಕೊಂಡೆ. ಹೆತ್ತವನಿಗೇ ತಿಳಿಯದ್ದು ತಂಡಕ್ಕೆ ಹೇಗೆ ತಿಳಿಯಬೇಕು? ಒಂದು ದಿನ ನಿನಗೆ ನಿಜವಾಗಿ ನೋವಾದಾಗ ಯಾರೂ ನಂಬದೆ ಹೋದರೆ ಎಂಬುದೇ ನನ್ನ ಭಯ.

ಅಂದು ತಂಡದ ಬ್ರಯನ್ ಅರ್ಲಾಕರ್ ಅವನ ಪರವಾಗಿ ಮಾತನಾಡಿದ. ಅಂದರೆ ಒಳಗಿನವರು ನಂಬಿದ್ದರು. ಅದಕ್ಕೇ 2012ರ ಸೆಪ್ಟೆಂಬರ್ ನನಗೆ ಇನ್ನೂ ನೋಯುತ್ತದೆ. ಮತ್ತೆ ಗ್ರೀನ್ ಬೇ, ಏಳು ಸಲ ಅವನನ್ನು ನೆಲಕ್ಕೆ ಕೆಡವಿದರು, ಅವನ ನಾಲ್ಕು ಎಸೆತಗಳು ಎದುರಾಳಿಗಳ ಕೈಸೇರಿದವು. ಕಟ್ಲರ್ ತನ್ನ ಲೆಫ್ಟ್ ಟ್ಯಾಕಲ್ ಜೆ’ಮಾರ್ಕಸ್ ವೆಬ್ ಮೇಲೆ ರೇಗಿ ಭುಜದಿಂದ ತಳ್ಳಿದ. ಟಿವಿಯಲ್ಲಿ ಇಡೀ ದೇಶ ನೋಡಿತು. ವೆಬ್ ತಪ್ಪು ಮಾಡಿದ್ದ, ನಿಜ. ಆದರೆ ಅವನು ಕ್ವಾರ್ಟರ್‌ಬ್ಯಾಕ್ ಬೆನ್ನು ಕಾಯುವವನು, ಪುಟ್ಟಿ. ಬೆನ್ನು ಕಾಯುವವನನ್ನು ಊರೆದುರು ತಳ್ಳಿದವನು ಮುಂದಿನ ಚೆಂಡಿಗೆ ಯಾವ ಮುಖವಿಟ್ಟುಕೊಂಡು ಅವನ ಹಿಂದೆ ನಿಲ್ಲಬೇಕು?

‘ಬ್ರಾಡಿ ಬೈದರೆ ಛಲ, ನಾನು ಬೈದರೆ ಅಹಂಕಾರವೇ’ ಎಂದು ನೀನು ಕೇಳಿದೆ. ಉತ್ತರ ಹೊಳೆಯದೆ ನಾನು ದನಿ ಏರಿಸಿದೆ. ನಿನ್ನ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ: ಏಳು ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರಾಡಿಯ ಕೋಪವನ್ನು ಜನ ಹೊಗಳುತ್ತಾರೆ. ಹುಡುಗಿಗೆ ಅಷ್ಟು ರಿಯಾಯಿತಿ ಸಿಗುವುದಿಲ್ಲ. ಅದು ಅನ್ಯಾಯ, ಒಪ್ಪುತ್ತೇನೆ. ಆದರೂ ಹೇಳುತ್ತೇನೆ, ಸೆಂಟರ್ ಹುಡುಗಿಗೆ ಹೇಳಬೇಕಾದದ್ದನ್ನು ಅವಳ ಕಿವಿಗೆ ಹೇಳು, ಮೈದಾನಕ್ಕೆ ಹೇಳಬೇಡ. ಚೆಂಡು ಕೈತಪ್ಪಿದವಳ ಬಳಿಗೆ ನೀನೇ ಮೊದಲು ಹೋಗು. ಮಂಡಿ ನೋಯುತ್ತಿದ್ದರೆ ನೋಯುತ್ತಿದೆ ಎನ್ನು. ಕೋಚ್ ಮಾತಾಡುವಾಗ ಆಕಾಶ ನೋಡಬೇಡ... ಮತ್ತೆ ಪಾಠ ಶುರುಮಾಡಿದೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಇವೆಲ್ಲ ನನಗೂ ಬೇಕಾದವು. ಗೆಳತಿಯ ಎದುರು ನಿನ್ನನ್ನು ಹಾಗೆ ಅಂದೆನಲ್ಲ, ಅದು ಕಟ್ಲರ್ ವೆಬ್‌ನನ್ನು ತಳ್ಳಿದ್ದಕ್ಕೆ ಸಮ. ಕ್ಷಮಿಸು.

2024ರಲ್ಲಿ ಇಲಿನಾಯ್‌ನಲ್ಲಿ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲಿಗೆ ಮೊದಲ ಬಾರಿ ರಾಜ್ಯಮಟ್ಟದ ಪಂದ್ಯಾವಳಿ ನಡೆದಾಗ ಊರಿನ ಅಜ್ಜಿಗೆ ಫೋನ್ ಮಾಡಿ, ನಿನ್ನ ಮೊಮ್ಮಗಳು ಎಸೆದ ಚೆಂಡು ನಮ್ಮ ತೋಟದ ಈ ತುದಿಯಿಂದ ಬಾವಿಯವರೆಗೆ ಹೋಗುತ್ತದೆ ಎಂದಿದ್ದೆ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ.

ಫ್ಲ್ಯಾಗ್ ಬೆಲ್ಟಿನ ಕೊಂಡಿ ಸರಿಮಾಡಿ ಚೀಲದಲ್ಲಿಟ್ಟಿದ್ದೇನೆ. ಗುರುವಾರದ ಪಂದ್ಯಕ್ಕೆ ನಾನು ಬರುವುದು ಬೇಡವೆನಿಸಿದರೆ ಅಮ್ಮನಿಗೆ ಹೇಳು; ಆಟ ಮುಗಿಯುವವರೆಗೆ ಕಾರಿನಲ್ಲೇ ಕುಳಿತಿರುತ್ತೇನೆ.

ನಿನ್ನ
ಅಪ್ಪ