ಗಡಿಕೇಶ್ವರದ ಸದ್ದು: ‘ಆತಂಕ ಬೇಡ’ ಎಂದವರು ಅಳತೆಯನ್ನೂ ಹೇಳಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಂದಾಗಿ ತೊಗರಿ ಹೂ ಬಿಡುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಪುಟದಲ್ಲಿ ಒಂದು ಸುದ್ದಿ ಬರುವುದು ರೂಢಿಯಾಗಿಬಿಟ್ಟಿದೆ. ಚಿಂಚೋಳಿ ತಾಲ್ಲೂಕಿನ ಯಾವುದೋ ಊರಲ್ಲಿ ಭೂಮಿಯಿಂದ ಸದ್ದು, ಪಾತ್ರೆಗಳು ಉರುಳಿದವು, ಜನ ಮನೆ ಬಿಟ್ಟು ಹೊರಗೆ ಬಂದರು. ಊರಿನ ಹೆಸರು ಬದಲಾಗುತ್ತದೆ, ಕೊನೆಯ ಸಾಲು ಬದಲಾಗುವುದಿಲ್ಲ: ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ ಎಂದು ಅಧಿಕಾರಿಗಳು ತಿಳಿಸಿದ್ದಾರೆ. ನನ್ನ ತಕರಾರು ಇರುವುದು ಆ ಕೊನೆಯ ಸಾಲಿನ ಮೇಲೆ.

ನಾನು ಪಂಪ್‌ಸೆಟ್ ಮೆಕ್ಯಾನಿಕ್. ಬೋರಿಗೆ ಮೋಟರ್ ಇಳಿಸುವುದು, ಸುಟ್ಟದ್ದನ್ನು ಎತ್ತುವುದು, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವುದು, ಇದೇ ನನ್ನ ಹೊಟ್ಟೆಪಾಡು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ರಿಗ್ ಲಾರಿಯ ಪಕ್ಕದಲ್ಲಿ ನಿಂತು ನೆಲದೊಳಗಿನ ಪುಡಿ ಮೇಲೆ ಬರುವುದನ್ನು ನೋಡಿದವನಿಗೆ ಒಂದಿಷ್ಟು ತಿಳಿಯುತ್ತದೆ. ನಮ್ಮಲ್ಲಿ ಮೇಲೆ ಕರಿಮಣ್ಣು. ಅದರ ಕೆಳಗೆ ಕೆಲವು ಕಡೆ ಕಪ್ಪು ಬಸಾಲ್ಟ್, ಸೇಡಂ ಕಡೆಗೆ ಸರಿದಂತೆ ಸುಣ್ಣದ ಕಲ್ಲು. ಮೊದಲು ಕಪ್ಪು ಪುಡಿ ಹಾರುತ್ತದೆ, ಆಮೇಲೆ ಬೂದು, ಆಮೇಲೆ ಬಿಳಿ. ತೀರಾ ಆಳಕ್ಕೆ ಹೋದರೆ ಕೆಂಪು ಮಿಶ್ರಿತ ಗ್ರಾನೈಟ್ ಪುಡಿ ಬರುತ್ತದೆ. ಆಗ ರಿಗ್‌ನವನು ರೈತನ ಮುಖ ನೋಡುತ್ತಾನೆ. ರೈತ ನನ್ನ ಮುಖ ನೋಡುತ್ತಾನೆ.

2021ರ ಅಕ್ಟೋಬರ್ ತಿಂಗಳನ್ನು ಗಡಿಕೇಶ್ವರ, ಹಲಚೇರಾ ಸುತ್ತಿನ ಜನ ಮರೆತಿಲ್ಲ. ಅದಕ್ಕೂ ಹಲವು ವರ್ಷ ಮೊದಲಿನಿಂದಲೂ ಮಳೆಗಾಲ ಮುಗಿಯುವಾಗ ನೆಲದಡಿ ಗುಡುಗಿದ ಸದ್ದು ಕೇಳುತ್ತಿತ್ತು. ಆ ವರ್ಷ ಮಳೆ ಜೋರು, ಸದ್ದೂ ಜೋರು. ಅಕ್ಟೋಬರ್ 11ರ ರಾತ್ರಿ ಹತ್ತರ ಸುಮಾರಿಗೆ ನಡುಗಿದ್ದು 4.1 ತೀವ್ರತೆಯ ಕಂಪನ ಎಂದು ದಾಖಲಾಯಿತು. ಮರುದಿನ ಜನ ಗಂಟುಮೂಟೆ ಕಟ್ಟಿಕೊಂಡು ನೆಂಟರ ಊರು ಸೇರಿದರು. ಉಳಿದವರು ಹೊಲದಲ್ಲಿ, ಶೆಡ್ಡಿನಲ್ಲಿ ಮಲಗಿದರು. ಟಿ.ವಿ.ಯವರು ಬಂದರು, ಮಂತ್ರಿಗಳು ಬಂದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಂಪನಮಾಪಕ ಹಿಡಿದು ಬಂದರು. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಅದು ಒಳ್ಳೆಯದೇ ಆಯಿತು.

ಅವರು ಕೊಟ್ಟ ಕಾರಣದಲ್ಲಿ ಹುರುಳಿದೆ ಎಂದು ನನ್ನ ಕಸುಬಿನ ಅನುಭವವೂ ಹೇಳುತ್ತದೆ. ಮಳೆ ನೀರು ಬಿರುಕುಗಳಲ್ಲಿ ಇಳಿದು ಆಳದ ಬಂಡೆಯ ಸಂದಿಗಳನ್ನು ತುಂಬುತ್ತದೆ. ಸಂದಿಯಲ್ಲಿ ನೀರಿನ ಒತ್ತಡ ಏರಿದಾಗ ಬಂಡೆಗೂ ಬಂಡೆಗೂ ಇರುವ ಬಿಗಿ ಸಡಿಲುತ್ತದೆ. ಒಂದರ ಮೇಲೊಂದು ಪೇರಿಸಿದ ಶಹಾಬಾದ್ ಪರಸಿಗಳ ನಡುವೆ ನೀರು ಹೊಕ್ಕರೆ ಮೇಲಿನದು ಜಾರುತ್ತದಲ್ಲ, ಹಾಗೆ. ಮೊದಲೇ ಬಿಗಿದು ನಿಂತ ಹಳೆಯ ಬಿರುಕು ಚೂರು ಜಾರಿದರೂ ಸಾಕು, ಕಂಪನ ಹುಟ್ಟುತ್ತದೆ. ಅದು ಹುಟ್ಟುವುದು ಹೆಚ್ಚು ಆಳದಲ್ಲಲ್ಲ. ಆದ್ದರಿಂದ ಕಾಲಿಗೆ ತಿಳಿಯುವುದಕ್ಕಿಂತ ಮೊದಲು ಕಿವಿಗೆ ಕೇಳುತ್ತದೆ. ಮಳೆ ಮತ್ತು ಕಂಪನದ ಈ ನಂಟಿಗೆ ವಿಜ್ಞಾನಿಗಳು ಬೇರೆಯೇ ಹೆಸರಿಟ್ಟಿದ್ದಾರೆ. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ 2018ರ ನವೆಂಬರ್‌ನಿಂದ ಶುರುವಾದ ಸಾಲು ಸಾಲು ಕಂಪನಗಳ ಬಗೆಗೂ ಇಂಥದೇ ವಿವರಣೆ ಬಂದಿತ್ತು.

ಆ ಅಕ್ಟೋಬರ್‌ನಲ್ಲೇ ಒಬ್ಬ ರೈತರ ಹೊಲದಿಂದ ಕರೆ ಬಂತು. ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತಿದೆ, ಬರುವ ನೀರು ಬೆಳ್ಳಗೆ ಕದಡಿದೆ ಎಂದರು. ಚೈನ್‌ಪುಲ್ಲಿ ಕಟ್ಟಿ ಎತ್ತಿದೆವು. ಪಂಪಿನ ಜಾಲರಿಗೆ ಬಿಳಿ ರಾಡಿ ಮೆತ್ತಿಕೊಂಡಿತ್ತು, ಬೆರಳಿಗೆ ಹಚ್ಚಿದರೆ ನುಣ್ಣಗೆ. ಆ ಬೋರಿನಲ್ಲಿ ಅಲ್ಲಿಯವರೆಗೆ ಅಂಥದ್ದು ಬಂದದ್ದೇ ಇಲ್ಲ. ಬೇಸಿಗೆಯಲ್ಲಿ ಕಾಲಂ ಪೈಪಿನ ಮೇಲೆ ಪೈಪು ಜೋಡಿಸಿ ಇಳಿಸಿದ ಜಾಗದಲ್ಲಿ ನೀರು ಕೇಸಿಂಗಿನ ಬಾಯಿಯ ಹತ್ತಿರ ಬಂದು ನಿಂತಿತ್ತು. ಟಾರ್ಚ್ ಬಿಟ್ಟರೆ ಮಿಂಚುತ್ತಿತ್ತು. ಆ ಮನೆಯ ಹೆಣ್ಣುಮಗಳು ಕೇಳಿದಳು: “ಕಾಕಾ, ನೀರು ಮ್ಯಾಲ ಬಂದದ ಅಂತ ಖುಷಿ ಪಡಬೇಕೋ, ಅಂಜಬೇಕೋ?” ಒಳ್ಳೆಯ ಪ್ರಶ್ನೆ. ಕಂಪನದ ಆಸುಪಾಸಿನಲ್ಲಿ ಬಾವಿ ನೀರು ಕದಡುವುದು, ಮಟ್ಟ ಏರಿಳಿಯುವುದು ಜಗತ್ತಿನ ಬೇರೆ ಕಡೆಗಳಲ್ಲೂ ಕಂಡಿರುವ ಸಂಗತಿ ಎಂದು ನಂತರ ಓದಿ ತಿಳಿದೆ. ಕದಡಿದ್ದಕ್ಕೆ ಕಂಪನವೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ, ಬೇರೆ ಕಾರಣವೂ ಇದ್ದೀತು. ಆದರೆ ಆಗ ಊರಿಗೆ ಬಂದಿದ್ದ ಒಬ್ಬ ಅಧಿಕಾರಿಗೆ ಇದನ್ನು ಹೇಳಿದಾಗ ಅವರು ಬರೆದುಕೊಳ್ಳಲೂ ಇಲ್ಲ. “ನೀವು ಗಾಬರಿ ಆಗಬೇಡ್ರಿ” ಎಂದು ಜೀಪು ಹತ್ತಿದರು. ನಾನು ಗಾಬರಿಯಾಗಿರಲೇ ಇಲ್ಲ, ಮಾಹಿತಿ ಕೊಡುತ್ತಿದ್ದೆ.

‘ಗಾಬರಿ ಬೇಡ’ ಎಂಬ ಮಾತು ನಮ್ಮ ಕಡೆ ಯಾಕೆ ನಡೆಯುವುದಿಲ್ಲ ಎಂದರೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಮಗೆ ಬರೀ ಪತ್ರಿಕೆಯಲ್ಲಿ ಓದಿದ ಊರಲ್ಲ. ಸುಮಾರು ನೂರು ಕಿಲೋಮೀಟರ್ ಆಚೆಗಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, 6.2 ತೀವ್ರತೆಯ ಕಂಪನ ಬಂತು. ಸಾವಿರಾರು ಜನ ಸತ್ತರು. ನಮ್ಮ ಊರುಗಳಲ್ಲೂ ಮಂಚ ಅಲುಗಿತ್ತು. ಅದಕ್ಕೆ ಒಂದು ವರ್ಷ ಮೊದಲು, 1992ರಲ್ಲಿ, ಕಿಲ್ಲಾರಿಯ ಜನರೂ ತಿಂಗಳುಗಟ್ಟಲೆ ಇಂಥದೇ ಸದ್ದು, ಸಣ್ಣ ನಡುಕ ಅನುಭವಿಸಿದ್ದರು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಇದ್ದದ್ದು ಎಲ್ಲಕ್ಕಿಂತ ಸುರಕ್ಷಿತ ಎನ್ನುವ ಒಂದನೇ ವಲಯದಲ್ಲಿ. 2002ರಲ್ಲಿ ನಕ್ಷೆ ತಿದ್ದಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ದುರಂತದ ನಂತರ ವಿಜ್ಞಾನಿಗಳು ಕಿಲ್ಲಾರಿಯಲ್ಲಿ 617 ಮೀಟರ್ ಆಳದ ಬೋರ್ ಕೊರೆದರು, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಅಡಿಗೂ ಹೆಚ್ಚು. 338 ಮೀಟರ್ ಬಸಾಲ್ಟ್ ದಾಟಿದ ಮೇಲೆ ತೆಳು ಪದರದ ಕೆಳಗೆ ಹಳೆಯ ಬಂಡೆ ಸಿಕ್ಕಿತು. ಇಷ್ಟು ಕೆಲಸ ಆದದ್ದು ಊರು ಬಿದ್ದ ಮೇಲೆ.

ಹಾಗೆಂದು ಗಡಿಕೇಶ್ವರ ಇನ್ನೊಂದು ಕಿಲ್ಲಾರಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ವಾಟ್ಸ್‌ಆ್ಯಪ್‌ನಲ್ಲಿ ಬೇಕಾದಷ್ಟು ಸಿಗುತ್ತಾರೆ. ತೀವ್ರತೆಯ ಅಂಕಿ ಒಂದು ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಅಂದರೆ 4.1ಕ್ಕೂ 6.2ಕ್ಕೂ ನಡುವೆ ಸಾವಿರ ಪಟ್ಟಿಗೂ ಮೀರಿದ ಅಂತರವಿದೆ. ಇದೊಂದನ್ನು ಪಂಚಾಯಿತಿ ಕಟ್ಟೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಅರ್ಧ ಊರು ಖಾಲಿಯಾಗುತ್ತಿರಲಿಲ್ಲ. ಸಣ್ಣ ಕಂಪನಗಳು ದೊಡ್ಡದರ ಮುನ್ಸೂಚನೆಯೋ ಅಲ್ಲವೋ ಎಂದು ಮೊದಲೇ ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ. ಅದನ್ನೂ ನೇರವಾಗಿ ಹೇಳಬಹುದು. ಜನರಿಗೆ ಅರ್ಥವಾಗುತ್ತದೆ.

ಈಗ ಅಳತೆಯ ವಿಷಯ. ಮಳೆ ನೀರೇ ಕಾರಣವೆಂದರೆ, ಮಳೆ ಎಷ್ಟಾಯಿತು, ಬೋರಿನಲ್ಲಿ ನೀರು ಯಾವ ದಿನ ಎಷ್ಟು ಏರಿತು, ಕಂಪನ ಯಾವ ದಿನ ಬಂತು ಎಂಬ ಮೂರನ್ನೂ ಒಂದೇ ಹಾಳೆಯ ಮೇಲೆ ಇಟ್ಟು ನೋಡಬೇಕಲ್ಲವೇ? ಮಳೆಯ ಲೆಕ್ಕ ಚೆನ್ನಾಗಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಹೋಗುತ್ತದೆ. ಇದು ದೇಶದಲ್ಲೇ ಮೆಚ್ಚಬೇಕಾದ ವ್ಯವಸ್ಥೆ. ಬಾವಿಯ ಕಥೆ ಬೇರೆ. ಕೇಂದ್ರೀಯ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ಅಳೆಯುತ್ತಾ ಬಂದಿರುವ ಪದ್ಧತಿ ವರ್ಷಕ್ಕೆ ನಾಲ್ಕು ಬಾರಿ: ಜನವರಿ, ಬೇಸಿಗೆ, ಆಗಸ್ಟ್, ನವೆಂಬರ್. ಕುಡಿಯುವ ನೀರಿನ ಲೆಕ್ಕಕ್ಕೆ, ಯಾವ ತಾಲ್ಲೂಕು ಅತಿಬಳಕೆಯಾಗಿದೆ ಎಂಬ ಲೆಕ್ಕಕ್ಕೆ ಅದು ಸಾಕು. ಆದರೆ ನಮ್ಮಲ್ಲಿ ನೀರು ನೆತ್ತಿಗೇರುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್. ನೆಲ ಗುಡುಗುವುದೂ ಆಗಲೇ. ಆಗಸ್ಟಿನ ಅಳತೆಯಲ್ಲಿ ನೀರು ಇನ್ನೂ ಏರುತ್ತಿರುತ್ತದೆ, ನವೆಂಬರಿನ ಅಳತೆಯ ಹೊತ್ತಿಗೆ ತೊಗರಿ-ಕಡಲೆಗೆ ಮೋಟರ್ ಶುರುವಾಗಿ ಇಳಿಯತೊಡಗಿರುತ್ತದೆ. ಕಾರಣ ಎಂದು ಹೇಳಲಾದ ಗಳಿಗೆಯೇ ಎರಡು ಅಳತೆಗಳ ನಡುವೆ ಬಿದ್ದುಹೋಗುತ್ತದೆ. ಈಗ ತಾನೇ ಅಳೆದು ತಾನೇ ಕಳಿಸುವ ಮಾಪಕಗಳು ಬಂದಿವೆ, ದೇಶದ ಹಲವು ಕಡೆ ಕೂರಿಸಿದ್ದಾರೆ. ಕಂಪನಮಾಪಕದ ಪಕ್ಕದಲ್ಲೇ, ಯಾರೂ ನೀರೆತ್ತದ ಒಂದು ಬೋರಿಗೆ ಅಂಥದ್ದೊಂದನ್ನು ಇಳಿಸಿದರೆ ಸಾಕು. ಬತ್ತಿ ಬಿಟ್ಟ ಬೋರುಗಳಿಗೆ ನಮ್ಮಲ್ಲಿ ಬರವಿಲ್ಲ.

ಇದು ಹೊಸ ವಿಚಾರವೇನಲ್ಲ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಹತ್ತಿರ 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ತೀವ್ರತೆಯ ಭೂಕಂಪವಾದ ಮೇಲೆ, ಜಲಾಶಯದ ನೀರಿನ ಮಟ್ಟಕ್ಕೂ ಕಂಪನಕ್ಕೂ ಏನು ಸಂಬಂಧ ಎಂದು ನಮ್ಮ ಸರ್ಕಾರಿ ವಿಜ್ಞಾನಿಗಳೇ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೆನ್ನುಹತ್ತಿ ನೋಡಿದ್ದಾರೆ, ಅಲ್ಲಿ 3 ಕಿಲೋಮೀಟರ್ ಆಳದ ಬೋರನ್ನೂ ಕೊರೆದಿದ್ದಾರೆ. ಜಗತ್ತು ಆ ಕೆಲಸವನ್ನು ಗೌರವದಿಂದ ನೋಡುತ್ತದೆ. ವಿದ್ಯೆ ಇದೆ, ಜನರಿದ್ದಾರೆ. ಇಲ್ಲಿ ಆಗಿರುವ ತೊಡಕು ಏನೆಂದರೆ ಮಳೆ ಒಬ್ಬರ ಕೈಯಲ್ಲಿ, ಬಾವಿ ಇನ್ನೊಬ್ಬರ ಕೈಯಲ್ಲಿ. ಅಂತರ್ಜಲ ಮಂಡಳಿ ಜಲಶಕ್ತಿ ಸಚಿವಾಲಯದ್ದು, ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗಣಿ ಸಚಿವಾಲಯದ್ದು, ದೆಹಲಿಯ ಭೂಕಂಪ ಕೇಂದ್ರ ಭೂವಿಜ್ಞಾನ ಸಚಿವಾಲಯದ್ದು, ಹೈದರಾಬಾದಿನ ಸಂಸ್ಥೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನದ್ದು. ಅಮೆರಿಕದಲ್ಲಿ ನದಿ-ಬಾವಿಗಳ ನೀರನ್ನೂ ಭೂಕಂಪವನ್ನೂ ಅಳೆಯುವುದು ಒಂದೇ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ. ನಡುಗಿದ್ದು ನಿಮಗೆ ತಿಳಿಯಿತೇ, ಪಾತ್ರೆ ಅಲುಗಿತೇ, ಗೋಡೆ ಬಿರಿಯಿತೇ ಎಂದು ಅದು ಸಾಮಾನ್ಯ ಜನರನ್ನೇ ಕೇಳಿ ನಕ್ಷೆ ಮಾಡುತ್ತದೆ. ನಾವು ಇಲಾಖೆಗಳನ್ನು ಒಂದುಗೂಡಿಸುವುದು ಈ ಜನ್ಮದಲ್ಲಿ ಆಗದ ಮಾತು, ಹಾಳೆಯನ್ನಾದರೂ ಒಂದು ಮಾಡಬಹುದು.

ಕ್ವಾರಿಯ ಮಾತನ್ನೂ ಆಡಿಬಿಡುತ್ತೇನೆ. ಆಡದಿದ್ದರೆ ನನ್ನ ಊರವರೇ ಬಿಡುವುದಿಲ್ಲ. ಸುಣ್ಣದ ಕಲ್ಲಿಗೆ ಮದ್ದು ಹಾಕುವುದರಿಂದಲೇ ಇದೆಲ್ಲ ಎಂದು ನಂಬಿದವರು ಬಹಳ. ರಾತ್ರಿ ಹತ್ತಕ್ಕೆ, ನಸುಕಿನ ಮೂರಕ್ಕೆ ಯಾವ ಕ್ವಾರಿಯಲ್ಲಿ ಮದ್ದು ಸಿಡಿಸುತ್ತಾರೆ ಎಂದು ನಾನು ಕೇಳುತ್ತೇನೆ. ಅದಕ್ಕೆ ಅವರ ಬಳಿ ಉತ್ತರವಿಲ್ಲ. ಆದರೆ ಹಗಲಿನ ಸದ್ದಿನ ಬಗ್ಗೆ ನನ್ನ ಬಳಿಯೂ ಉತ್ತರವಿಲ್ಲ. ಕಂಪನಮಾಪಕಗಳ ಬಳಿ ಇದೆ. ಮದ್ದು ಸಿಡಿದಾಗ ನೆಲ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳಲ್ಪಡುತ್ತದೆ. ಬಂಡೆ ಜಾರಿದಾಗ ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಸೆಳೆಯುತ್ತದೆ. ಊರ ಸುತ್ತ ನಾಲ್ಕಾರು ಕಡೆ ಮಾಪಕಗಳಿದ್ದರೆ ಮೊದಲ ಅಲೆಯಲ್ಲೇ ಈ ವ್ಯತ್ಯಾಸ ಕಾಣುತ್ತದೆ. ತಿಂಗಳಿಗೊಮ್ಮೆ ‘ಇಷ್ಟು ಮದ್ದಿನದು, ಇಷ್ಟು ನೆಲದ್ದು’ ಎಂದು ಪಂಚಾಯಿತಿಯ ಬೋರ್ಡಿನ ಮೇಲೆ ಬರೆಸಿದರೆ ಈ ಜಗಳ ಅಲ್ಲಿಗೇ ತೀರುತ್ತದೆ. ಕ್ವಾರಿಯವರಿಗೂ ಅದೇ ಒಳ್ಳೆಯದು, ಅವರು ಸಾಚಾ ಆಗಿದ್ದರೆ.

ವರುಣಮಿತ್ರ ಎಂಬ ಸಹಾಯವಾಣಿಗೆ ಫೋನ್ ಮಾಡಿದರೆ ನಾಳೆ ನಮ್ಮ ಊರಿಗೆ ಮಳೆ ಬರುತ್ತದೋ ಇಲ್ಲವೋ ಎಂದು ಕನ್ನಡದಲ್ಲಿ ಹೇಳುತ್ತಾರೆ. ನಾನೇ ಬಿತ್ತನೆಗೆ ಮೊದಲು ಎಷ್ಟೋ ಸಲ ಕೇಳಿದ್ದೇನೆ. ಸದ್ದು ಬಂದ ರಾತ್ರಿ ಅದೇ ನಂಬರಿನಲ್ಲಿ, ಈಗ ಬಂದದ್ದು ಇಷ್ಟು ತೀವ್ರತೆಯದು, ಇಂಥ ಊರಿನ ಹತ್ತಿರ, ಇಷ್ಟು ಆಳದಲ್ಲಿ ಎಂದು ಹೇಳಿದರೆ ಸಾಕು. ದೆಹಲಿಯ ಕೇಂದ್ರದ ‘ಭೂಕಂಪ್’ ಆ್ಯಪ್ ಇದೆ, ನಿಜ. ಆದರೆ ಕತ್ತಲಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಬಯಲಿಗೆ ಓಡಿ ಬಂದ ಅಜ್ಜಿಯ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು.

ಇನ್ನೊಂದು ಮಾತು, ವಿಜ್ಞಾನಿಗಳಿಗಿಂತ ತಾಲ್ಲೂಕು ಪಂಚಾಯಿತಿಗೆ ಹೇಳಬೇಕಾದದ್ದು. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ ಮತ್ತು ಭಾರದ ಮಾಳಿಗೆ. ನಮ್ಮಲ್ಲೂ ಹಳೆಯ ಮನೆಗಳು ಅಂಥವೇ. ಸೋರದಿರಲಿ ಎಂದು ಪ್ರತಿ ವರ್ಷ ಮಳೆಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ಯಾರೂ ಇಳಿಸುವುದಿಲ್ಲ. ಅಜ್ಜನ ಕಾಲದಿಂದ ಸೇರುತ್ತಾ ಬಂದ ಮಣ್ಣು ಕೆಲವು ಮನೆಗಳಲ್ಲಿ ಮೊಣಕಾಲೆತ್ತರ ಇದೆ, ಕೆಳಗೆ ಗೆದ್ದಲು ಹಿಡಿದ ಜಂತಿಗಳು. ಮನೆ ಬದಲಿಸುವ ಯೋಜನೆ ಬರುವವರೆಗೆ ಆ ಹಳೆ ಮಣ್ಣು ಇಳಿಸುವ ಕೆಲಸವನ್ನಾದರೂ ಉದ್ಯೋಗ ಖಾತರಿಯಲ್ಲಿ ಸೇರಿಸಲು ಬರುತ್ತದೋ ನೋಡಲಿ.

ನನ್ನ ಕಡೆಯಿಂದ ಒಂದು ಚಿಕ್ಕ ಕೊಡುಗೆ ಇದೆ. ಮೋಟರ್ ಇಳಿಸುವಾಗಲೆಲ್ಲ ತಾರೀಖು, ಹೊಲದ ಸರ್ವೆ ನಂಬರು, ಎಷ್ಟು ಪೈಪು ಇಳಿಯಿತು, ನೀರು ಎಷ್ಟು ಅಡಿಗೆ ಸಿಕ್ಕಿತು ಎಂದು ಬರೆದಿಡುವುದು ನನ್ನ ಉಸ್ತಾದ್ ಕಲಿಸಿದ ಅಭ್ಯಾಸ. ಬಿಲ್ಲಿನ ಜಗಳ ಬರಬಾರದೆಂದು ಬರೆದದ್ದು, ವಿಜ್ಞಾನಕ್ಕೆಂದಲ್ಲ. ಗ್ರೀಸ್ ಹತ್ತಿದ ಪುಸ್ತಕಗಳು, ಆದರೆ 2021ರ ಅಕ್ಟೋಬರ್ ತಿಂಗಳೂ ಅದರಲ್ಲಿದೆ. ಯಾವ ಇಲಾಖೆಯವರು ಬಂದು ಕೇಳಿದರೂ ಕೊಡುತ್ತೇನೆ, ಜೆರಾಕ್ಸ್ ಖರ್ಚು ನನ್ನದೇ.

ಇಂತಿ,
ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ