ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ: ರಾತ್ರಿ ಪಾಳಿಯಲ್ಲಿ ಎಷ್ಟು ಜನ ನರ್ಸ್ ಇದ್ದಾರೆ?

ಮಾನ್ಯ ಸಚಿವರೇ, ನಮಸ್ಕಾರ.

ಆಸ್ಪತ್ರೆಯಲ್ಲಿ ಆರೈಕೆ ಸರಿಯಿಲ್ಲ ಅಂತ ದೂರು ಬಂದಾಗಲೆಲ್ಲ ಇಲಾಖೆಗೆ ಹೊಳೆಯುವ ಮದ್ದು ಒಂದೇ: ನಡವಳಿಕೆ ತರಬೇತಿ. ನರ್ಸುಗಳನ್ನು ಒಂದು ದಿನ ಹಾಲ್‌ನಲ್ಲಿ ಕೂರಿಸಿ, ರೋಗಿಗಳ ಜೊತೆ ನಗುನಗುತ್ತಾ ಮಾತಾಡಿ ಎಂದು ಹೇಳಿ, ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಮಾರನೇ ದಿನ ಅದೇ ವಾರ್ಡು, ಅಷ್ಟೇ ಹಾಸಿಗೆ, ಅಷ್ಟೇ ಜನ. ಸಿಡುಕುವ ನರ್ಸ್ ಇಲ್ಲವೇ ಇಲ್ಲ ಎಂದು ನಾನು ವಾದ ಮಾಡುವುದಿಲ್ಲ. ಇದ್ದಾರೆ. ಆದರೆ ವಾರ್ಡಿನಲ್ಲೇ ದುಡಿಯುವ ನನಗೆ ಕಾಣುವ ದೊಡ್ಡ ತೊಂದರೆ ಅದಲ್ಲ. ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕು ಎಂಬುದೇ ತೊಂದರೆಯ ಬೇರು.

ಒಂದು ಸಣ್ಣ ಲೆಕ್ಕ ಹಾಕೋಣ. ಎಂಟು ಗಂಟೆಯ ಪಾಳಿ ಅಂದರೆ 480 ನಿಮಿಷ. 20 ರೋಗಿಗಳಿಗೆ ಒಬ್ಬರೇ ನರ್ಸ್ ಇದ್ದರೆ ತಲೆಗೆ 24 ನಿಮಿಷ. ಮಾತ್ರೆ, ಇಂಜೆಕ್ಷನ್, ಡ್ರಿಪ್, ಬಿಪಿ, ಜ್ವರ ನೋಡುವುದು, ಅದನ್ನೆಲ್ಲ ಬರೆಯುವುದು, ಕೊನೆಗೆ ಡ್ಯೂಟಿ ಒಪ್ಪಿಸುವುದು, ಎಲ್ಲ ಅಷ್ಟರಲ್ಲೇ ಮುಗಿಯಬೇಕು. ಒಬ್ಬರಿಗೆ ರಕ್ತ ಏರಿಸಲು ಶುರುಮಾಡಿದರೆ ಮೊದಲ 15 ನಿಮಿಷ ಅವರ ಮೇಲೇ ಕಣ್ಣಿಟ್ಟಿರಬೇಕು, ಏಕೆಂದರೆ ಜೋರಾದ ರಿಯಾಕ್ಷನ್ ಸಾಮಾನ್ಯವಾಗಿ ಆಗಲೇ ಕಾಣಿಸಿಕೊಳ್ಳುತ್ತದೆ. ಉಳಿದ 19 ಜನರನ್ನು ಆಗ ಯಾರು ನೋಡಬೇಕು?

ಉಸಿರು ಎಣಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಬಿಪಿಗೆ ಮೆಷಿನ್ ಇದೆ, ಆಕ್ಸಿಜನ್ ನೋಡಲು ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇದೆ. ಉಸಿರಿಗೆ ಮಾತ್ರ ಸಾಮಾನ್ಯ ವಾರ್ಡಿನಲ್ಲಿ ನಮ್ಮ ಕಣ್ಣು ಮತ್ತು ಗಡಿಯಾರವೇ ಗತಿ. ಪೂರ್ತಿ ಒಂದು ನಿಮಿಷ ನಿಂತು ಎದೆ ಏರಿಳಿಯುವುದನ್ನು ಎಣಿಸಬೇಕು. ಅದೂ ರೋಗಿಗೆ ಗೊತ್ತಾಗದ ಹಾಗೆ. ಗೊತ್ತಾದರೆ ಉಸಿರಾಟವೇ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡು ಎಣಿಸುತ್ತೇವೆ. 20 ಜನರಿಗೆ ಬರೀ ಇದಕ್ಕೇ 20 ನಿಮಿಷ ಬೇಕು. ಆ ಹೊತ್ತು ಸಿಗದಿದ್ದಾಗ ಏನಾಗುತ್ತದೆ ಎಂದು ತಿಳಿಯಲು ಚಾರ್ಟ್ ತೆಗೆದು ನೋಡಿದರೆ ಸಾಕು. ಒಂದೊಂದು ಸಲ ಸಾಲಾಗಿ 20, 20, 20 ಎಂದೇ ಇರುತ್ತದೆ. ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುವುದುಂಟೇ?

ಇದು ಬರೀ ಬರವಣಿಗೆಯ ತಪ್ಪಲ್ಲ. ನ್ಯುಮೋನಿಯಾ ಬಿಗಡಾಯಿಸುವಾಗ, ಸೋಂಕು ಮೈಯೆಲ್ಲ ಹರಡುವಾಗ, ಎಷ್ಟೋ ಸಲ ಬಿಪಿ ಕುಸಿಯುವ ಮೊದಲೇ ಉಸಿರು ಜೋರಾಗುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ನ್ಯೂಸ್ (NEWS) ಎಂಬ ಅಂಕಪಟ್ಟಿ ತಂದಿತು. ಉಸಿರು, ಬಿಪಿಯಂಥ ಅಳತೆಗಳಿಗೆ ಅಂಕ ಕೊಟ್ಟು, ರೋಗಿ ಬಿಗಡಾಯಿಸುತ್ತಿದ್ದರೆ ಮೊದಲೇ ಎಚ್ಚರಿಸುವ ಪಟ್ಟಿ ಅದು. ಅದರಲ್ಲಿ ನಿಮಿಷಕ್ಕೆ 20 ಉಸಿರಿದ್ದರೆ ಸೊನ್ನೆ ಅಂಕ, ಗಾಬರಿಯಿಲ್ಲ. 25 ಮುಟ್ಟಿದರೆ ಮೂರು ಅಂಕ. ಅದೊಂದೇ ಸಾಕು, ರೋಗಿಯನ್ನು ಕೂಡಲೇ ಮತ್ತೆ ಪರೀಕ್ಷೆ ಮಾಡಬೇಕು. ಅಂದರೆ, ಎಣಿಸದೆ ಬರೆದ ಒಂದು 20 ಆ ಎಚ್ಚರಿಕೆ ಗಂಟೆಯನ್ನೇ ಕಟ್ಟಿಹಾಕುತ್ತದೆ. ಇಂಥ ನರ್ಸ್‌ಗೆ ನೋಟಿಸ್ ಕೊಡುವುದು ಸುಲಭ. ಕೊಟ್ಟ ಮೇಲೆ ಮುಂದಿನ ರಾತ್ರಿಯೂ 20 ರೋಗಿಗಳೇ ಅಲ್ವಾ?

ಹಾಸಿಗೆ ಹುಣ್ಣಿನ ಕಥೆಯೂ ಇದೇ. ಸ್ವಂತವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನಮಗೆ ಕಲಿಸುತ್ತಾರೆ. ಚರ್ಮ ಉಜ್ಜದ ಹಾಗೆ ಹೊರಳಿಸಲು ಇಬ್ಬರು ಬೇಕು. ಇರುವುದು ಒಬ್ಬರು.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳನ್ನು ನೋಡಿದ ಅಧ್ಯಯನವೊಂದು 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೂ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರುವುದು ಅದರಲ್ಲಿ ಕಂಡಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಹಲವು ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಿಗೆ ಮಿತಿ ಹಾಕಿತು: ಹಗಲು ಒಬ್ಬ ನರ್ಸ್‌ಗೆ ಸರಾಸರಿ ನಾಲ್ಕು ರೋಗಿಗಳು, ರಾತ್ರಿ ಏಳು. ದುಡ್ಡು ಎಲ್ಲಿಂದ ತರುವುದು ಎಂದು ಹಣಕಾಸು ಇಲಾಖೆ ಕೇಳಿದರೆ ಅಲ್ಲಿನ ಲೆಕ್ಕ ತೋರಿಸಿ. ರೋಗಿಗಳು ಬೇಗ ಮನೆಗೆ ಹೋದರು, ಮತ್ತೆ ಬಂದು ಸೇರುವವರು ಕಡಿಮೆಯಾದರು. ಹಾಗೆ ಉಳಿದ ಹಣ ಹೊಸ ನರ್ಸುಗಳಿಗೆ ಆದ ಖರ್ಚಿನ ಎರಡು ಪಟ್ಟಿಗೂ ಜಾಸ್ತಿ ಎಂದು 2021ರ ಅಧ್ಯಯನ ಹೇಳಿತು.

ನರ್ಸುಗಳೇ ಸಿಗುತ್ತಿಲ್ಲ ಎನ್ನುತ್ತೀರಿ. ನಿಜ. 2023ರಲ್ಲಿ ಜಗತ್ತಿನಲ್ಲಿ 58 ಲಕ್ಷ ನರ್ಸುಗಳ ಕೊರತೆ ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ರಾತ್ರೋರಾತ್ರಿ ಆಗುವ ಕೆಲಸ ಇದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನರ್ಸ್‌ಗೆ ಇಷ್ಟೇ ರೋಗಿಗಳು ಎಂಬ ಕಾನೂನು ಆದದ್ದು 1999ರಲ್ಲಿ, ಮಿತಿ ಜಾರಿಯಾದದ್ದು 2004ರಲ್ಲಿ. ನೀವೂ ಅಷ್ಟು ಸಮಯ ತೆಗೆದುಕೊಳ್ಳಿ, ಆದರೆ ತಾರೀಕು ಮೊದಲೇ ಹೇಳಿ. ಅಲ್ಲಿಯವರೆಗೆ ಇರುವವರನ್ನಾದರೂ ರೋಗಿಯ ಹತ್ತಿರ ಇರಲು ಬಿಡಿ. ಲ್ಯಾಬ್‌ಗೆ ಫೋನ್ ಮಾಡುವುದು, ಸ್ಟೋರಿನಿಂದ ಔಷಧಿ ತರುವುದು, ವೀಲ್‌ಚೇರ್ ಹುಡುಕುವುದು, ಒಂದೇ ಬಿಪಿಯನ್ನು ಮೂರು ರಿಜಿಸ್ಟರಿನಲ್ಲಿ ಬರೆಯುವುದು, ಇದ್ಯಾವುದಕ್ಕೂ ನರ್ಸಿಂಗ್ ಓದಿರಬೇಕಿಲ್ಲ. ವಾರ್ಡಿಗೊಬ್ಬ ಗುಮಾಸ್ತ, ಒಬ್ಬ ಸಹಾಯಕ ಇದ್ದರೆ ಎಷ್ಟೋ ಹೊತ್ತು ಉಳಿಯುತ್ತದೆ. ಅನುಭವಿ ನರ್ಸ್‌ಗೆ ಬಡ್ತಿ ಕೊಟ್ಟು ಆಫೀಸಿನ ಕುರ್ಚಿಗೆ ಕಳಿಸುವ ಪದ್ಧತಿಯನ್ನೂ ಬಿಡಿ. ವಾರ್ಡಿನಲ್ಲೇ ಇದ್ದು ಸಂಬಳ ಏರುವ ದಾರಿ ಮಾಡಿಕೊಡಿ.

ಇನ್ನು ನನ್ನ ಕೋರಿಕೆ. ಪ್ರತಿ ಆಸ್ಪತ್ರೆಯೂ ಪ್ರತಿ ವಾರ್ಡಿನ ಬಾಗಿಲಲ್ಲಿ ಒಂದು ಬೋರ್ಡ್ ಹಾಕಲಿ: ಈ ಪಾಳಿಯಲ್ಲಿ ರೋಗಿಗಳು ಇಷ್ಟು, ನರ್ಸುಗಳು ಇಷ್ಟು. ತಿಂಗಳಿಗೊಮ್ಮೆ ಆ ಅಂಕಿಗಳನ್ನು ಇಲಾಖೆ ಪ್ರಕಟಿಸಲಿ. ಪಕ್ಕದಲ್ಲೇ ಆ ತಿಂಗಳು ಎಷ್ಟು ಜನರಿಗೆ ಹಾಸಿಗೆ ಹುಣ್ಣಾಯಿತು, ಎಷ್ಟು ಜನ ಬಿದ್ದರು, ಎಷ್ಟು ಕಡೆ ಔಷಧಿ ತಪ್ಪಿತು ಎಂಬುದೂ ಇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಕಾನೂನೂ ಬೇಡ, ನಿಮ್ಮದೊಂದು ಸುತ್ತೋಲೆ ಸಾಕು. ತಪ್ಪು ವರದಿ ಮಾಡಿದವರಿಗೆ ಶಿಕ್ಷೆ ಇಲ್ಲ ಎಂಬ ಸಾಲನ್ನು ಮಾತ್ರ ಅದರಲ್ಲಿ ಮರೆಯದೆ ಸೇರಿಸಿ. ಇಲ್ಲದಿದ್ದರೆ ಆ ಅಂಕಿಗಳನ್ನೂ ಸುಮ್ನೆ ಬರೆದುಬಿಡುತ್ತಾರೆ.

ಇಂತಿ,
ಒಬ್ಬ ವಾರ್ಡ್ ನರ್ಸ್